ಕಿವಿಯಲ್ಲಿ ಖಾರದ ರಿಸೆಪ್ಟರ್: ರಾಯಚೂರಿನ ಪತ್ತಾರರೊಬ್ಬರ ಹೊಸ ಒಡವೆಗಳು

ನಮ್ಮ ಜೀವಕೋಶಗಳ ಹೊರಪೊರೆಯಲ್ಲಿ ನೆಲೆಸಿ ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುವ ರಿಸೆಪ್ಟರ್ ಪ್ರೋಟೀನುಗಳ ಆಕಾರವನ್ನೇ ಬೆಳ್ಳಿ, ಚಿನ್ನದಲ್ಲಿ ಎರಕ ಹೊಯ್ದು ಓಲೆ, ಪದಕ, ಉಂಗುರಗಳನ್ನಾಗಿ ಮಾಡಿಕೊಡುವ ಅಂಗಡಿಯೊಂದು ರಾಯಚೂರಿನಲ್ಲಿದೆ. ತೀನ್ ಕಂದಿಲ್ ಹತ್ತಿರದ ಗಲ್ಲಿಯೊಂದರಲ್ಲಿ ತಂದೆ ಮತ್ತು ಮಗಳು ಸೇರಿ ನಡೆಸುವ ಆ ಅಂಗಡಿಗೆ ಇನ್ನೂ ಬೋರ್ಡಿಲ್ಲ. ತಂದೆ ತಲೆಮಾರುಗಳಿಂದ ಬಂದ ಕಸುಬಿನ ಪತ್ತಾರರು. ಮಗಳು ಜೈವಿಕ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಓದಿ ಊರಿಗೆ ಮರಳಿದವಳು. ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುವ ನನಗೆ ರಿಸೆಪ್ಟರುಗಳು ದಿನನಿತ್ಯದ ಪಾಠ. ಆದ್ದರಿಂದ ಈ ಒಡವೆಗಳನ್ನು ತೊಡುವವಳ ಕಣ್ಣಿನಿಂದಲೂ ಪಾಠ ಹೇಳುವವಳ ಕಣ್ಣಿನಿಂದಲೂ ನೋಡಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಸದ್ಯ ನಾಲ್ಕು ಮುಖ್ಯ ವಿನ್ಯಾಸಗಳಿವೆ. ಅವುಗಳಲ್ಲಿ ಎರಡನ್ನು ಯಾರಿಗಾದರೂ ಧೈರ್ಯವಾಗಿ ಹೇಳಬಲ್ಲೆ. ಒಂದನ್ನು ಎಚ್ಚರಿಕೆಯ ಮಾತಿನೊಂದಿಗೆ ಹೇಳಬೇಕು. ನಾಲ್ಕನೆಯದನ್ನು ತಿದ್ದುವವರೆಗೆ ಕೊಳ್ಳಬಾರದು.

ವಿಜ್ಞಾನದ ಹೆಸರಿನ ಒಡವೆಗಳು ಪೇಟೆಯಲ್ಲಿ ಹೊಸದೇನಲ್ಲ. ಡಿಎನ್‌ಎ ಸುರುಳಿಯ ಝುಮುಕಿ, ಕೆಫೀನ್ ಅಣುವಿನ ಪದಕ, ಹೃದಯದ ಬಡಿತದ ಗೆರೆಯ ಉಂಗುರ ಎಲ್ಲವೂ ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಒಂದು ಗುರುತನ್ನಷ್ಟೇ ತೋರಿಸುತ್ತವೆ. ನಿಜವಾದ ವಸ್ತು ಹೇಗಿದೆ ಎಂಬುದರ ಗೊಡವೆಗೆ ಹೋಗುವುದಿಲ್ಲ. ಬೇರೆ ಊರಿನ ಮಾರಾಟಗಾರರೊಬ್ಬರಿಂದ ಆನ್‌ಲೈನಿನಲ್ಲಿ ತರಿಸಿದ ಪದಕವೊಂದರಲ್ಲಿ ಪ್ರೋಟೀನಿನ ಸುರುಳಿಗಳೆಲ್ಲ ಎಡಕ್ಕೆ ತಿರುಗಿದ್ದವು. ಪ್ರೋಟೀನಿನ ಈ ಸುರುಳಿ, ಅಂದರೆ ಆಲ್ಫಾ ಹೆಲಿಕ್ಸ್, ಬಲಸುರುಳಿಯದು. 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಅದರ ಅಳತೆಯನ್ನು ಒಂದು ಸುತ್ತಿಗೆ 3.6 ಅಮೈನೋ ಆಮ್ಲಗಳೆಂದು (ಪ್ರೋಟೀನಿನ ಸರಪಳಿಯ ಕೊಂಡಿಗಳು ಇವು) ಲೆಕ್ಕ ಹಾಕಿ ತೋರಿಸಿದರು. ಅಮೈನೋ ಆಮ್ಲಗಳ ಸರಪಳಿ ಯಾವ ಕೋನದಲ್ಲಿ ತಿರುಗಬಲ್ಲದು, ಯಾವ ಕೋನದಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂಬುದನ್ನು 1963ರಲ್ಲಿ ಮದರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಒಂದೇ ನಕ್ಷೆಯಲ್ಲಿ ಬಿಡಿಸಿಟ್ಟರು. ಜಗತ್ತಿನ ಎಲ್ಲ ಪ್ರಯೋಗಾಲಯಗಳೂ ಇಂದಿಗೂ ತಮ್ಮ ಪ್ರೋಟೀನ್ ಮಾದರಿಗಳನ್ನು ಒರೆಗೆ ಹಚ್ಚುವುದು ಆ ನಕ್ಷೆಯ ಮೇಲೆಯೇ. ಸುರುಳಿಯನ್ನು ತಿರುಗಾಮುರುಗಾ ಮಾಡಿದ ಪದಕ ಎಷ್ಟೇ ಹೊಳೆದರೂ ಅದು ಆ ಪ್ರೋಟೀನಿನದಲ್ಲ. ರಾಯಚೂರಿನ ಅಂಗಡಿಯಲ್ಲಿ ನಾನು ಮೊದಲು ನೋಡಿದ್ದು ಅದನ್ನೇ. ಭೂತಗನ್ನಡಿ ಹಿಡಿದು ನೋಡಿದ ಒಂದೊಂದು ಸುರುಳಿಯೂ ಬಲಕ್ಕೇ ತಿರುಗಿತ್ತು.

ಮಾಡುವ ಬಗೆಯನ್ನು ಕೇಳಿ ತಿಳಿದುಕೊಂಡೆ. 1971ರಿಂದ ನಡೆಯುತ್ತಿರುವ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಜಾಗತಿಕ ಭಂಡಾರದಲ್ಲಿ, ವಿಜ್ಞಾನಿಗಳು ಬಿಡಿಸಿದ ಪ್ರೋಟೀನುಗಳ ಪ್ರತಿ ಪರಮಾಣುವಿನ ಸ್ಥಾನವೂ ಯಾರು ಬೇಕಾದರೂ ಉಚಿತವಾಗಿ ಪಡೆಯುವಂತೆ ಇರುತ್ತದೆ. ಪ್ರತಿ ರಚನೆಗೂ ನಾಲ್ಕು ಅಕ್ಷರಗಳ ಒಂದು ಸಂಕೇತವಿದೆ. ಮಗಳು ಆ ಕಡತವನ್ನು ಇಳಿಸಿಕೊಂಡು, ಪರಮಾಣುಗಳ ಗುಂಪನ್ನು ಪಟ್ಟಿ ಮತ್ತು ಸುರುಳಿಗಳ ಚಿತ್ರವನ್ನಾಗಿ ಮಾಡಿ, ಎರಕಕ್ಕೆ ತಾಳುವಷ್ಟು ದಪ್ಪಗೊಳಿಸುತ್ತಾಳೆ. ಪ್ರೋಟೀನನ್ನು ಹೀಗೆ ಪಟ್ಟಿಗಳಲ್ಲಿ ತೋರಿಸುವ ಪದ್ಧತಿಯನ್ನು 1981ರಲ್ಲಿ ಕೈಯಿಂದಲೇ ಚಿತ್ರ ಬರೆದು ಬಳಕೆಗೆ ತಂದವರು ಜೇನ್ ರಿಚರ್ಡ್‌ಸನ್. ಆ ಮಾದರಿಯ ಮೇಣದ ಅಚ್ಚು ಹೈದರಾಬಾದಿನಲ್ಲಿ ಮುದ್ರಣವಾಗಿ ಬರುತ್ತದೆ. ಅದರ ಸುತ್ತ ಗಾರೆಯನ್ನು ಸುರಿದು ಗಟ್ಟಿ ಮಾಡಿ, ಕುಲುಮೆಯಲ್ಲಿ ಮೇಣವನ್ನು ಕರಗಿಸಿ ಸುಟ್ಟು ಹೋಗಲಾಡಿಸಿ, ಖಾಲಿಯಾದ ಪೊಳ್ಳಿಗೆ ಕರಗಿದ ಬೆಳ್ಳಿಯನ್ನು ಹೊಯ್ಯುವ ಕೆಲಸ ತಂದೆಯದು. ದೇವರ ವಿಗ್ರಹಗಳನ್ನು ಎರಕ ಹೊಯ್ಯುವವರು ನೂರಾರು ವರ್ಷಗಳಿಂದ ಬಳಸಿಕೊಂಡು ಬಂದ ವಿಧಾನವೇ ಇದು. ಕೈಯಿಂದ ತಿದ್ದುತ್ತಿದ್ದ ಮೇಣದ ಜಾಗಕ್ಕೆ ಯಂತ್ರದಲ್ಲಿ ಮುದ್ರಿಸಿದ ಮೇಣ ಬಂದಿದೆ, ಅಷ್ಟೆ. ಒಳಗಿನ ಸಂದುಗಳಲ್ಲಿ ಉಳಿದ ಗಾರೆಯನ್ನು ಸೂಜಿಯಿಂದ ಬಿಡಿಸಿ, ಅರದಿಂದ ಉಜ್ಜಿ ಮೆರುಗು ಕೊಡುವುದಕ್ಕೆ ಎರಕಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಅಂಗಡಿಯ ಅತ್ಯುತ್ತಮ ಕೆಲಸ ಖಾರದ ರಿಸೆಪ್ಟರಿನ ಓಲೆ. ಟಿಆರ್‌ಪಿವಿ1 ಎಂಬ ಈ ಪ್ರೋಟೀನಿನ ಜೀನನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ ಪತ್ತೆ ಹಚ್ಚಿತು. ಜೂಲಿಯಸ್ ಅವರಿಗೂ ಸ್ಪರ್ಶದ ರಿಸೆಪ್ಟರುಗಳನ್ನು ಗುರುತಿಸಿದ ಆರ್ಡೆಮ್ ಪಟಪೂಟಿಯನ್ ಅವರಿಗೂ 2021ರ ವೈದ್ಯಕೀಯ ನೊಬೆಲ್ ಬಂದಿತು. ಮೆಣಸಿನಕಾಯಿಯಲ್ಲಿನ ಕ್ಯಾಪ್ಸೈಸಿನ್ ನಾಲಿಗೆಯ ನರತಂತುಗಳಲ್ಲಿರುವ ಈ ರಿಸೆಪ್ಟರನ್ನು ತೆರೆಸುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯೂ ಅದೇ ಬಾಗಿಲನ್ನು ತೆರೆಯುತ್ತದೆ. ಖಾರ ತಿಂದಾಗ ಬಾಯಿ ಸುಟ್ಟಂತಾಗುವುದು ಈ ಕಾರಣಕ್ಕೆ: ಮಿದುಳಿಗೆ ಹೋಗುವ ಸುದ್ದಿ ಬೆಂಕಿಯದೂ ಮೆಣಸಿನಕಾಯಿಯದೂ ಒಂದೇ. ಕ್ಯಾಪ್ಸೈಸಿನ್ ಇದ್ದಾಗ ಬಾಗಿಲು ಇನ್ನೂ ಕಡಿಮೆ ಬಿಸಿಗೇ ತೆರೆದುಕೊಳ್ಳುವುದರಿಂದ, ಮಿರ್ಚಿ ತಿಂದ ಮೇಲೆ ಚಹಾ ಕುಡಿದರೆ ಉರಿ ಇಮ್ಮಡಿಯಾಗುತ್ತದೆ. ಮೆಣಸಿನಕಾಯಿ ಬೆಳೆಯುವ, ಸಂಜೆಗೆ ಮಿರ್ಚಿ ಬಜ್ಜಿ ಇಲ್ಲದೆ ನಡೆಯದ, ಬೇಸಿಗೆಯಲ್ಲಿ ಬಿಸಿಲು 43 ಡಿಗ್ರಿ ಮುಟ್ಟುವುದನ್ನು ಸಹಜವೆಂದೇ ಒಪ್ಪಿಕೊಂಡಿರುವ ಈ ಜಿಲ್ಲೆಗೆ ಇದಕ್ಕಿಂತ ಹೊಂದುವ ರಿಸೆಪ್ಟರ್ ಇನ್ನೊಂದಿಲ್ಲ. ಗಿಳಿಗಳು ಹಸಿಮೆಣಸಿನಕಾಯಿಯನ್ನು ಸಲೀಸಾಗಿ ತಿನ್ನುವುದನ್ನು ನಾವೆಲ್ಲ ನೋಡಿದ್ದೇವೆ. ಹಕ್ಕಿಗಳಲ್ಲಿಯೂ ಈ ಪ್ರೋಟೀನ್ ಇದೆ, ಅದು ಬಿಸಿಗೆ ಸ್ಪಂದಿಸುತ್ತದೆ, ಆದರೆ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ. ಹಣ್ಣು ಮೆಣಸಿನ ಬೀಜವನ್ನು ದೂರದೂರಕ್ಕೆ ಒಯ್ದು ಹರಡುವವು ಅವೇ.

ಓಲೆಯ ಆಕಾರಕ್ಕೆ ಬರುತ್ತೇನೆ. ಈ ರಿಸೆಪ್ಟರ್ ಒಂದೇ ಬಗೆಯ ನಾಲ್ಕು ಉಪಘಟಕಗಳು ಸೇರಿ ಆದದ್ದು. ಪ್ರತಿ ಉಪಘಟಕದ ಆರು ಸುರುಳಿಗಳು ಕೋಶದ ಪೊರೆಯನ್ನು ದಾಟುತ್ತವೆ, ನಾಲ್ಕರ ನಡುವೆ ಅಯಾನುಗಳು, ಅಂದರೆ ವಿದ್ಯುದಾವೇಶವುಳ್ಳ ಕಣಗಳು, ಸಾಗುವ ದಾರಿ ಇರುತ್ತದೆ. ಪೊರೆಯ ಕೆಳಗೆ, ಕೋಶದ ಒಳಗಡೆಗೆ, ಆಂಕಿರಿನ್ ಎಂಬ ಪುನರಾವರ್ತಿತ ಭಾಗಗಳು ಅಗಲವಾದ ಲಂಗದಂತೆ ಇಳಿಬಿದ್ದಿರುತ್ತವೆ. 2013ರಲ್ಲಿ ಇಫಾನ್ ಚೆಂಗ್ ಮತ್ತು ಜೂಲಿಯಸ್ ಅವರ ತಂಡಗಳು ಮಾದರಿಯನ್ನು ಹೆಪ್ಪುಗಟ್ಟಿಸಿ ನೋಡುವ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ರಚನೆಯನ್ನು 3.4 ಆಂಗ್‌ಸ್ಟ್ರಾಮ್ (ಮಿಲಿಮೀಟರಿನ ಕೋಟಿಯ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್) ಸ್ಪಷ್ಟತೆಯಲ್ಲಿ ತೋರಿಸಿದಾಗ ಆ ಕ್ಷೇತ್ರದವರು ಬೆರಗಾಗಿದ್ದರು, ಏಕೆಂದರೆ ಹರಳುಗಟ್ಟಿಸದೆಯೇ ಪೊರೆಯ ಪ್ರೋಟೀನೊಂದು ಅಷ್ಟು ವಿವರವಾಗಿ ಕಂಡಿತ್ತು. ಹೂವಿನಂಥ ಮೇಲ್ಭಾಗ ಕಿವಿಯ ಹಾಲೆಯ ಮೇಲೆ ಕೂರುತ್ತದೆ, ಆಂಕಿರಿನ್ ಲಂಗ ಕೆಳಗೆ ತೂಗುತ್ತದೆ. ಅಂದರೆ ಈ ಪ್ರೋಟೀನು ಹುಟ್ಟಿನಿಂದಲೇ ಝುಮುಕಿಯ ರಚನೆಯಲ್ಲಿದೆ. ವಿನ್ಯಾಸಕಿ ಅದನ್ನು ಗುರುತಿಸಿ ಹೊರಗಿನಿಂದ ಏನನ್ನೂ ಸೇರಿಸದೆ ಬಿಟ್ಟಿದ್ದಾಳೆ. ಲಂಗದ ಅಂಚಿಗೆ ಮುತ್ತು ಕಟ್ಟಿ ಎಂದು ಕೇಳುವ ಗಿರಾಕಿಗಳಿಗೆ ಇಲ್ಲವೆನ್ನುತ್ತಾಳೆ, ಅದು ಸರಿಯಾದ ನಿರ್ಧಾರ. ಸುಮಾರು 11 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್) ಎತ್ತರದ ಪ್ರೋಟೀನು ಇಲ್ಲಿ 22 ಮಿಲಿಮೀಟರ್ ಎತ್ತರಕ್ಕೆ ಬೆಳೆದಿದೆ, ಅಂದರೆ 20 ಲಕ್ಷ ಪಟ್ಟು.

ಈ ಓಲೆಯನ್ನು ಮಾಡುವಾಗ ತಂದೆ ಮಗಳ ನಡುವೆ ನಡೆದ ಚರ್ಚೆಯನ್ನು ನಾನೇ ಕೇಳಿದೆ. ಮೇಲಿನಿಂದ ನೋಡಿದರೆ ನಾಲ್ಕು ಉಪಘಟಕಗಳೂ ಒಂದೇ ದಿಕ್ಕಿಗೆ ಓರೆಯಾಗಿ ಬಾಗಿರುತ್ತವೆ. ಒಂದರ ಹೊರಗಿನ ಸುರುಳಿಗಳು ಪಕ್ಕದ್ದರ ಒಳಗಿನ ಸುರುಳಿಗಳ ಮಗ್ಗುಲಿಗೆ ಬಂದು ಕೂರುತ್ತವೆ. ಪತ್ತಾರರು ಮೊದಲ ಜೋಡಿಯ ಮೇಣವನ್ನು ಕೈಯಲ್ಲಿ ಹಿಡಿದು, "ನೋಡ್ರಿ ಮೇಡಂ, ಓಲಿ ಅಂದ್ರ ಜೋಡಿ. ಎಡಗಿವಿದು ಎಡಕ್ಕ ಬಾಗಬೇಕು, ಬಲಗಿವಿದು ಬಲಕ್ಕ ಬಾಗಬೇಕು. ನಮ್ಮಪ್ಪ ನಮಗ ಹಂಗ ಕಲಿಸ್ಯಾರ" ಎಂದರು. ಅವರು ಹೇಳಿದ್ದು ಒಡವೆಯ ನ್ಯಾಯದಲ್ಲಿ ನೂರಕ್ಕೆ ನೂರು ಸರಿ. ಮಾವಿನಕಾಯಿ ಓಲೆಯಾಗಲಿ, ನವಿಲಿನ ಓಲೆಯಾಗಲಿ, ಎರಡು ಕಿವಿಗೂ ಕನ್ನಡಿ ಬಿಂಬದಂತೆ ಇರಬೇಕು. ಎರಡೂ ಒಂದೇ ಕಡೆ ಮುಖ ಮಾಡಿದರೆ ಮುಖದ ಸಮತೂಕ ಕೆಡುತ್ತದೆ. ಮಗಳು, "ಅಪ್ಪಾ, ಇದನ್ನ ಕನ್ನಡಿಯೊಳಗಿನಂಗ ತಿರುವಿದ್ರ ಅದು ಈ ಪ್ರೋಟೀನೇ ಅಲ್ಲ. ಅಂಥಾದ್ದು ಯಾರ ಮೈಯಾಗೂ ಇಲ್ಲ" ಎಂದಳು. ಅವಳ ಮಾತೂ ನೂರಕ್ಕೆ ನೂರು ಸರಿ. ಅಮೈನೋ ಆಮ್ಲಗಳಿಗೆ ಎಡಗೈ ಬಲಗೈಯಂತೆ ಎರಡು ರೂಪಗಳಿರಬಲ್ಲವು, ಜೀವಲೋಕದ ಪ್ರೋಟೀನುಗಳು ಒಂದೇ ಕೈಯ ಅಮೈನೋ ಆಮ್ಲಗಳಿಂದ ಆದವು, ಆದ್ದರಿಂದ ಅವುಗಳ ಕನ್ನಡಿ ಬಿಂಬ ನಮ್ಮ ದೇಹದಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಕೊನೆಗೆ ಎರಡೂ ಓಲೆಗಳು ಒಂದೇ ದಿಕ್ಕಿಗೆ ಬಾಗುವಂತೆಯೇ ಆದವು. ಕಿವಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಮೊದಲಿಗೆ ಸ್ವಲ್ಪ ವಿಚಿತ್ರವೆನಿಸಿದ್ದು ನಿಜ, ಕಣ್ಣು ಸಮತೂಕವನ್ನು ಹುಡುಕುತ್ತದೆ. ಆದರೆ ಪತ್ತಾರರು ತಮ್ಮ ಕಸುಬಿನ ಜಾಣ್ಮೆಯಿಂದ ಆ ತೊಂದರೆಯನ್ನು ಬೇರೆ ಕಡೆಯಿಂದ ಪರಿಹರಿಸಿದ್ದಾರೆ: ತಿರುಪಿನ ಕಡ್ಡಿಯನ್ನು ನಟ್ಟನಡುವೆ ಬೆಸೆದು, ತೂಕ ಎಲ್ಲಿಯೂ ವಾಲದಂತೆ ಮಾಡಿ, ಎರಡೂ ಕಿವಿಯಲ್ಲಿ ಓಲೆ ನೇರವಾಗಿ ಇಳಿಯುವಂತೆ ನೋಡಿಕೊಂಡಿದ್ದಾರೆ. ಆಕಾರದ ಸತ್ಯವನ್ನು ಉಳಿಸಿಕೊಂಡು ಒಡವೆಯ ನೆಮ್ಮದಿಯನ್ನೂ ಕೊಟ್ಟ ಈ ಕೆಲಸಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ. ನೀವು ಆರ್ಡರ್ ಕೊಡುವಾಗ ಯಾರಾದರೂ "ಜೋಡಿ ತಪ್ಪಿದೆ" ಎಂದರೆ ಒಪ್ಪಬೇಡಿ, ಒಂದೇ ದಿಕ್ಕಿನದನ್ನೇ ಮಾಡಿಸಿಕೊಳ್ಳಿ.

ಪ್ರತಿ ಓಲೆಯ ನಾಲ್ಕು ಒಳಸಂದುಗಳಲ್ಲಿ, ಕ್ಯಾಪ್ಸೈಸಿನ್ ಹೋಗಿ ಕೂರುವ ಜಾಗದಲ್ಲಿಯೇ, ಸಾಸಿವೆಯಷ್ಟು ದಪ್ಪದ ಕೆಂಪು ಕಲ್ಲುಗಳಿವೆ. ಅವು ಹೊರಗೆ ಎದ್ದು ಕಾಣುವುದಿಲ್ಲ, ತಲೆ ಓರೆ ಮಾಡಿದಾಗ ಒಳಗಿನಿಂದ ಮಿನುಗುತ್ತವೆ. ಕ್ಯಾಪ್ಸೈಸಿನ್ ಪೊರೆಯೊಳಗೆ ಇಳಿದು, ಒಳಬದಿಯ ಸಂದಿನಲ್ಲಿ ಸೇರಿಕೊಳ್ಳುವ ಅಣು. ಆದ್ದರಿಂದ ಕಲ್ಲನ್ನು ಮೇಲ್ಮೈಯಲ್ಲಿ ಕೂರಿಸದೆ ಒಳಗೆ ಅಡಗಿಸಿದ್ದು ಬಹಳ ವಿವೇಕದ ಕೆಲಸ. ಇಲ್ಲಿ ಒಂದು ಸಣ್ಣ ದೋಷವನ್ನು ಹೇಳಲೇಬೇಕು. ಪೆಟ್ಟಿಗೆಯೊಡನೆ ಕೊಡುವ ಚೀಟಿಯಲ್ಲಿ ರಚನೆಯ ಸಂಕೇತ 3ಜೆ5ಪಿ ಎಂದಿದೆ. ಅದು ಯಾವ ಅಣುವೂ ಕೂರದ, ಬಾಗಿಲು ಮುಚ್ಚಿದ ಸ್ಥಿತಿಯ ರಚನೆ. ಕ್ಯಾಪ್ಸೈಸಿನ್ ಕೂತ ರಚನೆ 3ಜೆ5ಆರ್. ಕೆಂಪು ಕಲ್ಲು ಇಡುವುದಾದರೆ ಎರಡನೆಯ ಕಡತದಿಂದಲೇ ಅಚ್ಚು ತೆಗೆಯಬೇಕು. ಕಲ್ಲಿಲ್ಲದ ಓಲೆ ಬೇಕೆನ್ನುವವರಿಗೆ ಮೊದಲನೆಯದು ಸಾಕು. ಈ ಗಾತ್ರದಲ್ಲಿ ಎರಡರ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಷ್ಟ. ಆದರೂ ಚೀಟಿಯ ಮೇಲೆ ಸಂಕೇತವನ್ನು ಅಚ್ಚು ಹಾಕಿಸಿದ ಮೇಲೆ ಅದು ಒಡವೆಯ ಜೊತೆ ತಾಳೆಯಾಗಬೇಕು. ಹುಡುಗಿ ಅದನ್ನು ಕೂಡಲೇ ಬರೆದುಕೊಂಡಳು.

ಎರಡನೆಯ ವಿನ್ಯಾಸ ಅಸಿಟೈಲ್‌ಕೋಲಿನ್ ರಿಸೆಪ್ಟರಿನ ಪದಕ. ನರದ ತುದಿಯಿಂದ ಹೊರಬಿದ್ದ ಅಸಿಟೈಲ್‌ಕೋಲಿನ್ ಸ್ನಾಯುವಿನ ಮೇಲಿರುವ ಈ ರಿಸೆಪ್ಟರಿಗೆ ತಗುಲಿದಾಗಲೇ ನಮ್ಮ ಕೈಕಾಲು ಆಡುವುದು. ರಿಸೆಪ್ಟರ್ ಎಂಬ ಕಲ್ಪನೆ ಮೊಳೆತದ್ದೂ ಇಲ್ಲಿಂದಲೇ: ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ ಸ್ನಾಯುವಿನ ಮೇಲೆ ನಿಕೋಟಿನ್ ಮತ್ತು ಕ್ಯುರಾರೆ ವಿಷಗಳ ಪೈಪೋಟಿಯನ್ನು ಗಮನಿಸಿ, ಸ್ನಾಯುವಿನಲ್ಲಿ ಸುದ್ದಿಯನ್ನು ಸ್ವೀಕರಿಸುವ ಒಂದು ವಸ್ತು ಇರಲೇಬೇಕು ಎಂದು 1905ರಲ್ಲಿ ಬರೆದರು. ಆ ವಸ್ತುವನ್ನು ಕಣ್ಣಾರೆ ನೋಡುವುದಕ್ಕೆ ನೂರು ವರ್ಷ ಹಿಡಿಯಿತು. ವಿದ್ಯುತ್ ಮೀನಾದ ಟಾರ್ಪಿಡೊದ ಅಂಗದಿಂದ ತೆಗೆದ ರಿಸೆಪ್ಟರನ್ನು ನೈಜೆಲ್ ಅನ್ವಿನ್ ದಶಕಗಳ ಕಾಲ ಬಿಡದೆ ಅಭ್ಯಾಸ ಮಾಡಿ, 2005ರಲ್ಲಿ 4 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ಪೂರ್ಣ ಮಾದರಿಯನ್ನು ಪ್ರಕಟಿಸಿದರು. ಪದಕಕ್ಕೆ ಆಧಾರ ಅದೇ, ಚೀಟಿಯಲ್ಲಿ 2ಬಿಜಿ9 ಎಂದು ಸರಿಯಾಗಿಯೇ ಇದೆ.

ಮೇಲಿನಿಂದ ನೋಡಿದರೆ ಇದು ಐದು ಎಸಳಿನ ಹೂವು, ನಡುವೆ ಅಯಾನುಗಳ ದಾರಿ. ಸುಮಾರು 8 ನ್ಯಾನೋಮೀಟರ್ ಅಗಲದ್ದನ್ನು 24 ಮಿಲಿಮೀಟರಿಗೆ ಹಿಗ್ಗಿಸಿದ್ದಾರೆ. ಐದು ಎಸಳೂ ಒಂದೇ ಎಂದು ಬಗೆದು ಮಾಡಿಬಿಡುವುದು ಸುಲಭವಿತ್ತು, ಆದರೆ ಈ ರಿಸೆಪ್ಟರಿನಲ್ಲಿ ಎರಡು ಆಲ್ಫಾ ಉಪಘಟಕಗಳಿವೆ, ಉಳಿದ ಮೂರು ಬೇರೆ ಬೇರೆ. ಆಲ್ಫಾಗಳು ಅಕ್ಕಪಕ್ಕ ಕೂರುವುದಿಲ್ಲ, ಅವುಗಳ ನಡುವೆ ಇನ್ನೊಂದು ಇರುತ್ತದೆ. ಅಸಿಟೈಲ್‌ಕೋಲಿನ್ ತಗುಲುವುದು ಆ ಎರಡು ಆಲ್ಫಾಗಳ ಅಂಚಿನಲ್ಲಿಯೇ. ಪದಕದಲ್ಲಿ ಆ ಎರಡು ಎಸಳುಗಳಿಗೆ ಮಾತ್ರ ಚಿನ್ನದ ಲೇಪ ಕೊಟ್ಟು, ಮೂರನ್ನು ಬೆಳ್ಳಿಯಾಗಿಯೇ ಬಿಟ್ಟಿದ್ದಾರೆ. ಚಿನ್ನದ ಎರಡು ಎಸಳುಗಳ ನಡುವೆ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಬೆಳ್ಳಿಯ ಎಸಳು. ನೋಡುವವರಿಗೆ ಇದು ಬಣ್ಣದ ಚೆಲುವು, ತಿಳಿದವರಿಗೆ ಪೂರ್ತಿ ಪಾಠ. ನಡುವಿನ ರಂಧ್ರವನ್ನು ಮುಚ್ಚದೆ ಆರಪಾರ ತೆರೆದಿಟ್ಟಿರುವುದೂ ನನಗೆ ತುಂಬ ಮೆಚ್ಚುಗೆಯಾಯಿತು. ಬಾಗಿಲು ತೆರೆದ ಕ್ಷಣದಲ್ಲಿ ಸೆಕೆಂಡಿಗೆ ಕೋಟಿಯ ಲೆಕ್ಕದಲ್ಲಿ ಅಯಾನುಗಳು ನುಗ್ಗುವ ದಾರಿ ಅದು. ಅದನ್ನು ಮುಚ್ಚಿದ ಪದಕಕ್ಕೆ ಅರ್ಥವಿರುವುದಿಲ್ಲ.

ಈ ಪದಕವನ್ನು ಕೊರಳಲ್ಲಿ ಹಾಕಿಕೊಂಡೇ ತರಗತಿಗೆ ಹೋಗಿ ಪಾಠ ಮಾಡಿದ್ದೇನೆ. ನಾಗರಹಾವು ಕಚ್ಚಿದವರ ರೆಪ್ಪೆ ಜೋಲುವುದೇಕೆ, ಉಸಿರಾಟದ ಸ್ನಾಯುಗಳು ಸೋಲುವುದೇಕೆ ಎಂಬುದನ್ನು ವಿವರಿಸುವಾಗ, ಹಾವಿನ ವಿಷದ ಅಣು ಬಂದು ಅಡ್ಡ ನಿಲ್ಲುವ ಜಾಗವನ್ನು ಚಿನ್ನದ ಎಸಳಿನ ಅಂಚಿನಲ್ಲಿ ಬೆರಳಿಟ್ಟು ತೋರಿಸಬಹುದು. ಹೊಲದ ಕೆಲಸದ ಮನೆಗಳಿಂದಲೇ ಬಂದ ನಮ್ಮ ವಿದ್ಯಾರ್ಥಿಗಳಿಗೆ ಹಾವಿನ ಕಡಿತ ಪುಸ್ತಕದ ಮಾತಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಗೊಳಿಸಲು ಕೊಡುವ ವೆಕ್ಯುರೋನಿಯಂ, ಅಟ್ರಾಕ್ಯುರಿಯಂ ಔಷಧಗಳೂ ಅದೇ ಜಾಗದಲ್ಲಿ ಕೂತು ಕೆಲಸ ಮಾಡುತ್ತವೆ. ಪದಕದ ಕೊರತೆ ಒಂದೇ: ಸರ ಪೋಣಿಸುವ ಕೊಂಡಿಯನ್ನು ಒಂದು ಚಿನ್ನದ ಎಸಳಿನ ನೆತ್ತಿಗೇ ಬೆಸೆದಿದ್ದಾರೆ, ಅದರಿಂದ ಮುಖ್ಯವಾದ ಅಂಚು ಅರ್ಧ ಮರೆಯಾಗುತ್ತದೆ. ಎರಡು ಚಿನ್ನದ ಎಸಳುಗಳ ನಡುವಿನ ಬೆಳ್ಳಿಯ ಎಸಳಿಗೆ ಬೆಸೆದರೆ ಎರಡೂ ಎಡಬಲಕ್ಕೆ ಸರಿಯಾಗಿ ಕಾಣುತ್ತವೆ. ಹಾಗೆ ಕೇಳಿ ಮಾಡಿಸಿಕೊಳ್ಳಬಹುದು, ಅದಕ್ಕೆ ಹೆಚ್ಚಿನ ಹಣ ಕೇಳುವುದಿಲ್ಲ. ಇದೇ ಆಕಾರವನ್ನು ಮೂಗುಬೊಟ್ಟಿನ ಗಾತ್ರಕ್ಕೆ ಇಳಿಸಿದ್ದನ್ನೂ ತೋರಿಸಿದರು. ಅಷ್ಟು ಸಣ್ಣದರಲ್ಲಿ ಸುರುಳಿ, ಸಂದು ಯಾವುದೂ ಉಳಿಯದೆ ಸಾಧಾರಣ ಹೂವಾಗಿಬಿಡುತ್ತದೆ, ಅದು ಬೇಡ.

ಮೂರನೆಯದು ಇನ್ಸುಲಿನ್ ರಿಸೆಪ್ಟರಿನ ಪದಕ, ಕಲ್ಪನೆಯಲ್ಲಿ ಎಲ್ಲಕ್ಕಿಂತ ಧೈರ್ಯದ್ದು. ಇನ್ಸುಲಿನ್ ಇಲ್ಲದಾಗ ಈ ರಿಸೆಪ್ಟರ್ ತಲೆಕೆಳಗಾದ ವಿ ಅಕ್ಷರದಂತೆ ಎರಡು ಕಾಲುಗಳನ್ನು ಅಗಲಿಸಿ ನಿಂತಿರುತ್ತದೆ. ಇನ್ಸುಲಿನ್ ಬಂದು ತಗುಲಿದಾಗ ಕಾಲುಗಳು ಹತ್ತಿರ ಬಂದು, ಇಡೀ ಆಕಾರ ಟಿ ಅಕ್ಷರದಂತಾಗುತ್ತದೆ. ಆಗ ಕೋಶದ ಒಳಗಿರುವ ಎರಡು ತುದಿಗಳು ಒಂದನ್ನೊಂದು ಚುರುಕುಗೊಳಿಸಿ, ರಕ್ತದ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳುವ ಸರಣಿ ಮೊದಲಾಗುತ್ತದೆ. ಈ ಚಲನೆಯನ್ನೇ ತೋರಿಸಲೆಂದು ಪದಕದ ನೆತ್ತಿಯಲ್ಲಿ ಸಣ್ಣ ಕೀಲು ಇಟ್ಟು, ಎರಡು ಕಾಲುಗಳನ್ನು ಬೆರಳಿನಿಂದ ಕೂಡಿಸಿ ಅಗಲಿಸುವಂತೆ ಮಾಡಿದ್ದಾರೆ. ಚಿಕ್ಕ ಬಿಳಿ ಕಲ್ಲಿನ ಗುಂಡೊಂದನ್ನು ಮೇಲಿನ ಸಂದಿಗೆ ಒತ್ತಿದರೆ ಕಾಲುಗಳು ಕೂಡಿಕೊಂಡು ನಿಲ್ಲುತ್ತವೆ. ರಿಸೆಪ್ಟರ್ ಎಂದರೆ ಅಲುಗಾಡದ ಬೀಗವಲ್ಲ, ತಗುಲಿದ್ದಕ್ಕೆ ತಕ್ಕಂತೆ ಆಕಾರ ಬದಲಿಸುವ ಯಂತ್ರ ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ. ಪೂರ್ತಿ ಇನ್ಸುಲಿನ್ ಇದ್ದಾಗ ನಾಲ್ಕು ಅಣುಗಳವರೆಗೂ ಒಂದು ರಿಸೆಪ್ಟರಿಗೆ ತಗುಲುತ್ತವೆಂದು ಈಚಿನ ಅಧ್ಯಯನಗಳು ತೋರಿಸಿವೆ. ಒಂದೇ ಗುಂಡು ಇಟ್ಟಿರುವುದು ಸರಳೀಕರಣ, ಅದನ್ನು ಒಪ್ಪಬಹುದು.

ಒಪ್ಪಲಾಗದ್ದು ಅದರ ಕೀಲು. ನನಗೆ ಕೊಟ್ಟ ಪದಕದಲ್ಲಿ ಕೀಲಿನ ಕಡ್ಡಿ ಬಲು ತೆಳುವಾಗಿತ್ತು. ಕಾಲುಗಳು ತಾವಾಗಿಯೇ ಜೋಲಾಡಿ, ಸೀರೆಯ ಸೆರಗಿನ ಎಳೆಗೆ ಸಿಕ್ಕಿಕೊಂಡು, ಒಂದು ಇಳಕಲ್ ಸೆರಗಿನ ನೂಲನ್ನೇ ಎಳೆದವು. ಒಯ್ದು ತೋರಿಸಿದಾಗ ಪತ್ತಾರರು ಏನೂ ಹೇಳದೆ ದಪ್ಪ ಕಡ್ಡಿ ಹಾಕಿ, ಕಾಲುಗಳ ತುದಿಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಈಗ ಅದು ನಿಂತಲ್ಲಿ ನಿಲ್ಲುತ್ತದೆ. ಕೊಳ್ಳುವವರು ಅಂಗಡಿಯಲ್ಲಿಯೇ ಕಾಲುಗಳನ್ನು ಅಗಲಿಸಿ ಬಿಟ್ಟು ನೋಡಬೇಕು, ಬಿಟ್ಟ ಕೂಡಲೇ ಜೋಲಿದರೆ ಕೀಲನ್ನು ಬದಲಾಯಿಸಿಕೊಡಲು ಹೇಳಬೇಕು. ನುಣುಪಾದ ರೇಷ್ಮೆಯ ಮೇಲೆ ಹಾಕಬಹುದು, ಜಾಳಿಗೆಯ ಬಟ್ಟೆಯ ಮೇಲೆ ಬೇಡ.

ಈ ಪದಕದ ಬಗ್ಗೆ ಇನ್ನೊಂದು ಮಾತು. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಹಯೋಗದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಇಳಿಸುತ್ತದೆ, ಬಿ.ಪಿ. ಇಳಿಸುತ್ತದೆ ಎಂದು ಹೇಳಿ ಬಳೆ, ಉಂಗುರ ಮಾರುವವರು ಜಾತ್ರೆಗಳಲ್ಲಿ ಕಡಿಮೆಯಿಲ್ಲ. ನಾನಿದ್ದಾಗಲೇ ಒಬ್ಬ ಹಿರಿಯ ಹೆಣ್ಣುಮಗಳು ಇನ್ಸುಲಿನ್ ಪದಕವನ್ನು ಕೈಯಲ್ಲಿ ಹಿಡಿದು, "ಇದು ಹಾಕ್ಕೊಂಡ್ರ ಶುಗರ್ ಕಡಿಮಿ ಆಗ್ತದೇನವ್ವ?" ಎಂದು ಕೇಳಿದರು. "ಇಲ್ಲರಿ ಅಮ್ಮಾರೆ, ಶುಗರಿಗೆ ಗುಳಗೀನೇ ತಗೋಬೇಕು. ಇದು ಬರೇ ಒಡವಿ" ಎಂದು ಹುಡುಗಿ ಹೇಳಿದಳು. ವ್ಯಾಪಾರ ಕೈತಪ್ಪಿತು, ಆಕೆ ಪದಕವನ್ನು ಕೆಳಗಿಟ್ಟು ಹೋದರು. ಆ ಒಂದು ಉತ್ತರಕ್ಕಾಗಿಯೇ ಈ ಅಂಗಡಿಯನ್ನು ನಂಬಬಹುದು ಎಂದು ನನಗನ್ನಿಸಿತು.

ನಾಲ್ಕನೆಯ ವಿನ್ಯಾಸ ಉಂಗುರ, ಅಡ್ರಿನಲಿನ್ ಹಾರ್ಮೋನು ತಗುಲುವ ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರಿನದು. ದಮ್ಮಿನವರು ಎಳೆದುಕೊಳ್ಳುವ ಸಾಲ್ಬುಟಮಾಲ್ ಕೆಲಸ ಮಾಡುವುದು ಇದರ ಮೇಲೆ. ಪೊರೆಯನ್ನು ಏಳು ಸಲ ದಾಟುವ ಸುರುಳಿಗಳ ಈ ಮನೆತನದಲ್ಲಿ ಮನುಷ್ಯರಿಗೆ ಸುಮಾರು 800 ರಿಸೆಪ್ಟರುಗಳಿವೆ, ಬಳಕೆಯಲ್ಲಿರುವ ಔಷಧಗಳಲ್ಲಿ ಮೂರನೆಯ ಒಂದು ಪಾಲು ಇವುಗಳ ಮೇಲೆಯೇ ಕೆಲಸ ಮಾಡುತ್ತದೆ, ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯಾನ್ ಕೋಬಿಲ್ಕ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಕೆಲಸಕ್ಕೆ. ಕೋಶದ ಹೊರಗಿನಿಂದ ನೋಡಿದಾಗ ಏಳು ಸುರುಳಿಗಳು ಒಂದರಿಂದ ಏಳರವರೆಗೆ ಗಡಿಯಾರದ ಮುಳ್ಳಿನ ಎದುರು ದಿಕ್ಕಿನಲ್ಲಿ ಸುತ್ತುತ್ತವೆ. ಉಂಗುರದಲ್ಲಿ ಅದು ಸರಿಯಾಗಿದೆ. ಆದರೆ ಉಂಗುರದ ಒಂದು ಬದಿಯಲ್ಲಿ ದೊಡ್ಡದೊಂದು ಉಂಡೆ ಚಾಚಿಕೊಂಡಿದೆ. ಅದು ಈ ರಿಸೆಪ್ಟರಿನ ಭಾಗವೇ ಅಲ್ಲ. 2007ರಲ್ಲಿ ಈ ರಚನೆಯನ್ನು ಬಿಡಿಸುವಾಗ, ಅಲುಗಾಡುವ ಪ್ರೋಟೀನು ಹರಳುಗಟ್ಟಲಿ ಎಂದು ಐದನೆಯ ಮತ್ತು ಆರನೆಯ ಸುರುಳಿಗಳ ನಡುವೆ ಟಿ4 ಲೈಸೋಜೈಮ್ ಎಂಬ ವೈರಸ್ಸಿನ ಕಿಣ್ವವನ್ನು ವಿಜ್ಞಾನಿಗಳು ಬೇಕೆಂದೇ ಜೋಡಿಸಿದ್ದರು. 2ಆರ್‌ಎಚ್1 ಕಡತದಲ್ಲಿ ಅದೂ ಸೇರಿಕೊಂಡಿದೆ, ಅದನ್ನು ಕತ್ತರಿಸದೆಯೇ ಎರಕ ಹೊಯ್ದಿದ್ದಾರೆ. ಅದರಿಂದ ಉಂಗುರ ಒಂದು ಕಡೆ ವಾಲುತ್ತದೆ, ಪಕ್ಕದ ಬೆರಳಿಗೆ ಒತ್ತುತ್ತದೆ. ಲೈಸೋಜೈಮನ್ನು ತೆಗೆದು ಹಾಕಿದ ಹೊಸ ಅಚ್ಚು ಬರುವವರೆಗೆ ಈ ಉಂಗುರವನ್ನು ಕೊಳ್ಳಬೇಡಿ. ತೆಗೆದ ಮೇಲೆ ಏಳು ಸುರುಳಿಗಳು ಬೆರಳಿನ ಮೇಲೆ ನೆಟ್ಟಗೆ ನಿಂತು ಚೆನ್ನಾಗಿಯೇ ಕಾಣುತ್ತವೆಂದು ನನ್ನ ಎಣಿಕೆ.

ಲೋಹ ಮತ್ತು ಲೆಕ್ಕದ ವಿಷಯ. ಬೆಳ್ಳಿಯ ಒಡವೆಗಳೆಲ್ಲ 925ರವು, ಅಂದರೆ ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ. ಖಾರದ ಓಲೆಯ ಜೋಡಿ 11 ಗ್ರಾಂ ತೂಗುತ್ತದೆ; ದಿನವಿಡೀ ಹಾಕಿಕೊಂಡರೂ ಕಿವಿ ಜಗ್ಗುವುದಿಲ್ಲ. ಮಜೂರಿಯನ್ನು ಗ್ರಾಂ ಲೆಕ್ಕದಲ್ಲಿ ಹಿಡಿಯದೆ ಒಡವೆಗಿಷ್ಟು ಎಂದು ಹಿಡಿಯುತ್ತಾರೆ: ಓಲೆಯ ಜೋಡಿಗೆ 2,800 ರೂಪಾಯಿ, ಐದೆಸಳಿನ ಪದಕಕ್ಕೆ 2,200 ರೂಪಾಯಿ, ಬೆಳ್ಳಿಯ ಆ ದಿನದ ದರ ಬೇರೆ, ಮೇಲೆ ಶೇಕಡಾ 3ರ ಜಿಎಸ್‌ಟಿ. ಬೆಳ್ಳಿಗಿಂತ ಮಜೂರಿಯೇ ಹೆಚ್ಚಾಯಿತೆಂದು ಕೆಲವರು ಗೊಣಗುತ್ತಾರೆ. ಸೂಜಿ ಹಿಡಿದು ಸಂದುಗಳಿಂದ ಗಾರೆ ಬಿಡಿಸುವುದನ್ನು ಕೂತು ನೋಡಿದವರು ಹಾಗೆನ್ನಲಾರರು. 22 ಕ್ಯಾರೆಟ್ ಚಿನ್ನದಲ್ಲಿ ಬೇಕೆಂದರೂ ಮಾಡಿಕೊಡುತ್ತಾರೆ, ಹಾಲ್‌ಮಾರ್ಕ್ ಹಾಕಿಸಿಯೇ ಕೊಡುತ್ತಾರೆ. ಬಿಐಎಸ್ ಚಿಹ್ನೆ, ಶುದ್ಧತೆಯ ಗುರುತು, ಆ ಒಡವೆಗೇ ಮೀಸಲಾದ ಆರು ಅಕ್ಷರಾಂಕಿಗಳ ಸಂಕೇತವಾದ ಎಚ್‌ಯುಐಡಿ ಮೂರನ್ನೂ ನೋಡಿಕೊಳ್ಳಿ. ಹಟ್ಟಿಯ ಗಣಿ ನಮ್ಮ ಜಿಲ್ಲೆಯದೇ ಆದ್ದರಿಂದ ಹಟ್ಟಿ ಚಿನ್ನದಲ್ಲೇ ಮಾಡಿಕೊಡಿ ಎಂದು ಕೇಳುವವರೂ ಇದ್ದಾರಂತೆ. ಶುದ್ಧೀಕರಿಸಿ ಗಟ್ಟಿಯಾದ ಮೇಲೆ ಯಾವ ಗಣಿಯದೆಂದು ಹೇಳಲು ಬರುವುದಿಲ್ಲ ಎಂದು ಪತ್ತಾರರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನನ್ನ ಮಟ್ಟಿಗೆ ಈ ವಿನ್ಯಾಸಗಳಿಗೆ ಬೆಳ್ಳಿಯೇ ಮೇಲು. ಬಳಸುತ್ತ ಹೋದಂತೆ ಸಂದುಗಳು ಕಪ್ಪಾಗಿ, ಉಬ್ಬಿದ ಸುರುಳಿಗಳು ಮಾತ್ರ ಹೊಳೆದು, ರಚನೆ ಇನ್ನೂ ಬಿಡಿಸಿಟ್ಟಂತೆ ಕಾಣುತ್ತದೆ. ಚಿನ್ನದಲ್ಲಿ ಆ ಆಳ ಬರುವುದಿಲ್ಲ.

ಕೆಂಪು ಕಲ್ಲುಗಳನ್ನು ಅರಗಿನಲ್ಲಿ ಕೂರಿಸಿರುವುದರಿಂದ ಓಲೆಯನ್ನು ಬಿಸಿನೀರಿನಲ್ಲಿ ಅದ್ದಬಾರದು. ಅಂಟುವಾಳಕಾಯಿ ನೆನೆಸಿದ ತಣ್ಣೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಕೂಡಲೇ ಒರೆಸಬೇಕು. ಐದೆಸಳಿನ ಪದಕದ ಚಿನ್ನದ ಲೇಪ ಬೆವರಿಗೆ ಸವೆಯುತ್ತದೆ, ಬೇಸಿಗೆಯಲ್ಲಿ ಬೇಗ. ಮತ್ತೆ ಲೇಪ ಹಾಕಿಕೊಡುತ್ತಾರೆ, ಅದಕ್ಕೆ ಬೇರೆ ಹಣ. ಮೇಣದ ಅಚ್ಚು ಹೈದರಾಬಾದಿನಿಂದ ಬರಬೇಕಾದ್ದರಿಂದ ಆರ್ಡರ್ ಕೊಟ್ಟು ಮೂರು ವಾರವಾದರೂ ಕಾಯಬೇಕು, ದೀಪಾವಳಿ ಮತ್ತು ಮದುವೆಯ ಹಂಗಾಮಿನಲ್ಲಿ ಇನ್ನೂ ಹೆಚ್ಚು. ಮುಂಗಡ ಅರ್ಧ ಕೊಟ್ಟರೆ ಸಾಕು, ರಸೀದಿ ಕೊಡುತ್ತಾರೆ. ಅಂಗಡಿ ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚಿರುತ್ತದೆ, ಅಮಾವಾಸ್ಯೆಯಂದು ಇಡೀ ದಿನ ರಜೆ.